ಸೈಟು ಇದ್ದವರೂ ಬಾಡಿಗೆ ಮನೆಯಲ್ಲಿ: ಯಶವಂತಪುರ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಬೆಂಗಳೂರಿನ ಕೆಂಗೇರಿಯ ಬಾಡಿಗೆದಾರರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಇಲ್ಲಿ ಬಾಡಿಗೆ ಯಾಕೆ ಇಷ್ಟು ಏರಿತು ಎಂದು ಕೇಳಿದರೆ ಎಲ್ಲರೂ ಮೆಟ್ರೋ ಕಡೆ ಕೈ ತೋರಿಸುತ್ತಾರೆ. ಅದು ನಿಜವೇ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿಗೆ ಬಂತು. 2023ರ ಅಕ್ಟೋಬರ್‌ನಿಂದ ಒಂದೇ ರೈಲಿನಲ್ಲಿ ವೈಟ್‌ಫೀಲ್ಡ್‌ವರೆಗೆ ಹೋಗಬಹುದು. ಐಟಿ ಕೆಲಸದವರು ಇಲ್ಲಿ ಮನೆ ಹುಡುಕತೊಡಗಿದರು. ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಮೊದಲಿಂದಲೂ ಪಿಜಿಗಳಿದ್ದವು. ಈಗ ಸಂಸಾರಕ್ಕೆ ಕೊಡುತ್ತಿದ್ದ ಮನೆಗಳೂ ಪಿಜಿ ಆಗುತ್ತಿವೆ.

ಆದರೆ ಮೆಟ್ರೋ ಒಂದನ್ನೇ ದೂರಿದರೆ ಅರ್ಧ ಮಾತು ಹೇಳಿದಂತೆ. ಉಳಿದರ್ಧ ನಮ್ಮ ಪಕ್ಕದಲ್ಲೇ ಇದೆ, ನಾಡಪ್ರಭು ಕೆಂಪೇಗೌಡ ಬಡಾವಣೆ. ಅದಕ್ಕಾಗಿ 4,043 ಎಕರೆ ಜಮೀನು ವಶಪಡಿಸಿಕೊಳ್ಳಲು 2010ರಲ್ಲಿ ಅಂತಿಮ ಅಧಿಸೂಚನೆ ಬಂತು. 2016ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸೈಟು ಹಂಚಿತು. ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆಯ ರೈತರ ಹೊಲಗಳು ಅದಕ್ಕೆ ಹೋದವು. ಇಷ್ಟಾದರೂ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಯಾಕೆ ಕಟ್ಟಿಲ್ಲ ಅಂತ ಸೈಟು ಸಿಕ್ಕವರನ್ನು ಕೇಳಿ. ನೀರು, ಒಳಚರಂಡಿ, ರಸ್ತೆ, ಇವೇ ಮೂರು ಮಾತು. ಅವರು ಸೈಟಿನ ಸಾಲದ ಕಂತು ಒಂದು ಕಡೆ, ಮನೆ ಬಾಡಿಗೆ ಇನ್ನೊಂದು ಕಡೆ ಕಟ್ಟುತ್ತಾ ಕೆಂಗೇರಿ, ಉಲ್ಲಾಳದಲ್ಲೇ ಕೂತಿದ್ದಾರೆ. ಅವರು ತಮ್ಮ ಮನೆ ಕಟ್ಟಿಕೊಂಡು ಹೋದರೆ ಇಲ್ಲಿ ಅಷ್ಟೂ ಮನೆ ಖಾಲಿಯಾಗುತ್ತವೆ, ಅಲ್ವಾ? ಬಾಡಿಗೆ ಇಳಿಸಲು ನಿಮ್ಮ ಕೈಯಲ್ಲಿರುವ ದೊಡ್ಡ ದಾರಿ ಇದೇ ಎಂದು ನಾನು ನಂಬಿದ್ದೇನೆ.

ಈ ಪೈಪೋಟಿಯಲ್ಲಿ ಸೋಲುವವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಟೋದವರು, ಮನೆಗೆಲಸದವರು. ಅವರು ಕುಂಬಳಗೋಡು, ಬಿಡದಿ ಕಡೆ ಸರಿಯುತ್ತಾರೆ. ಮಕ್ಕಳ ಶಾಲೆ ಬದಲಾಗುತ್ತದೆ, ಕೆಲಸಕ್ಕೆ ಹೋಗಿಬರುವ ದಾರಿ ಉದ್ದವಾಗುತ್ತದೆ. ಮನೆ ಬದಲಿಸಿದಾಗೆಲ್ಲ ಅಡ್ವಾನ್ಸ್‌ಗೆ ಹೊಸದಾಗಿ ಸಾಲ. ರಾಜ್ಯಗಳು ಅಳವಡಿಸಿಕೊಳ್ಳಲಿ ಎಂದು ಕೇಂದ್ರ 2021ರಲ್ಲಿ ಕೊಟ್ಟ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಅಡ್ವಾನ್ಸ್ 2 ತಿಂಗಳ ಬಾಡಿಗೆ ಮೀರಬಾರದು ಎನ್ನುತ್ತದೆ. ನಮ್ಮಲ್ಲಿ 5, 6, ಕೆಲವೊಮ್ಮೆ 10 ತಿಂಗಳದ್ದು ಕೇಳುತ್ತಾರೆ. ಸದನದಲ್ಲಿ ಇದನ್ನೂ ಎತ್ತಿ.

ಇನ್ನೊಂದು ವಿಷಯ. ಕೆಂಗೇರಿ ಪುರಸಭೆ 2007ರಲ್ಲಿ ಪಾಲಿಕೆಗೆ ಸೇರಿತು. ಆಮೇಲೆ ಜನಗಣತಿ ನಡೆದದ್ದು 2011ರಲ್ಲಿ. ಈಗಿನ ವಾರ್ಡ್‌ಗಳ ಗಡಿ ಹಾಕಿದ್ದೂ ಆ ಲೆಕ್ಕದ ಮೇಲೆಯೇ. ಆಗ ಇಲ್ಲಿ ಮೆಟ್ರೋ ಇರಲಿಲ್ಲ, ಈಗಿರುವ ಎಷ್ಟೋ ಅಪಾರ್ಟ್‌ಮೆಂಟುಗಳೂ ಇರಲಿಲ್ಲ. ಬಾಡಿಗೆದಾರರಲ್ಲಿ ಬಹಳ ಮಂದಿಯ ವೋಟು ಇನ್ನೂ ಅವರ ಹುಟ್ಟೂರಲ್ಲೇ ಇದೆ. ಹಾಗಾಗಿ ನಿಮ್ಮ ಮತದಾರರ ಪಟ್ಟಿಯಲ್ಲೂ ಅವರು ಕಾಣಿಸುವುದಿಲ್ಲ. ಅವರೂ ಈ ಊರಿನ ನೀರು ಕುಡಿಯುತ್ತಾರೆ, ಬಸ್ಸಿಗೆ ಕಾಯುತ್ತಾರೆ, ಮಕ್ಕಳನ್ನು ಇಲ್ಲಿನ ಅಂಗನವಾಡಿಗೆ ಕಳಿಸುತ್ತಾರೆ. ದಯವಿಟ್ಟು ಅವರನ್ನೂ ನಿಮ್ಮವರೆಂದು ಎಣಿಸಿ.

ಬಿಡಿಎ, ಜಲಮಂಡಳಿ, ಬೆಸ್ಕಾಂ ಅಧಿಕಾರಿಗಳನ್ನು ಕೆಂಗೇರಿ ಉಪನಗರಕ್ಕೆ ಕರೆಸಿ ಒಂದು ಸಭೆ ಮಾಡಿ. ಕೆಂಪೇಗೌಡ ಬಡಾವಣೆಯ ಯಾವ ಬ್ಲಾಕಿಗೆ ನೀರು ಯಾವಾಗ, ಒಳಚರಂಡಿ ಯಾವಾಗ, ಕರೆಂಟು ಯಾವಾಗ ಎಂದು ಅವರಿಂದ ತಾರೀಖು ಬರೆಸಿಕೊಳ್ಳಿ. ಅದನ್ನು ಎಲ್ಲರಿಗೂ ಕಾಣುವ ಹಾಗೆ ಬೋರ್ಡಿನ ಮೇಲೆ ಹಾಕಿಸಿ. ಸಭೆ ಭಾನುವಾರ ಇರಲಿ. ಬೇರೆ ದಿನ ಇಟ್ಟರೆ ದಿನಗೂಲಿಯವರಿಗೆ ಬರಲು ಆಗುವುದಿಲ್ಲ.

ಇಂತಿ,
ಕೆಂಗೇರಿ ಉಪನಗರದ ಒಬ್ಬ ಬಾಡಿಗೆದಾರ