ಆ ಹುಡುಗರು 108ಕ್ಕೆ ಏಕೆ ಫೋನ್ ಮಾಡಲಿಲ್ಲ? ವಿಜಯಪುರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ವಿಜಯಪುರದಲ್ಲಿ ಔಷಧ ಅಂಗಡಿ ಇಟ್ಟುಕೊಂಡವನು ನಾನು. ಚೀಟಿ ಇಲ್ಲದೆ ನೋವಿನ ಮಾತ್ರೆ ಕೇಳುವ ಹುಡುಗರನ್ನು ವಾಪಸು ಕಳಿಸುವುದು ನನ್ನ ದಿನದ ಕೆಲಸವಾಗಿದೆ. 2018ರಲ್ಲಿ ಟ್ರಾಮಡಾಲ್ ಎಂಬ ಅಮಲೇರಿಸುವ ನೋವಿನ ಮಾತ್ರೆ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಅಡಿ ಬಂದ ಮೇಲೆ ಅವರ ಬಾಯಲ್ಲಿ ಅದೇ ಬಗೆಯ ಟಪೆಂಟಡಾಲ್ ಹೆಸರು ಶುರುವಾಯಿತು. ಮಾತ್ರೆಯ ಹೆಸರು ಬೇರೆ, ಗಿರಾಕಿ ಅದೇ.

ಕಳೆದ ಬೇಸಿಗೆಯಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬ ಓಡಿ ಬಂದ. ಹಿಂದಿನ ಖಾಲಿ ನಿವೇಶನದಲ್ಲಿ ಅವನ ಗೆಳೆಯ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು. ಟಾರ್ಚ್ ಹಿಡಿದು ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು, ಇಂಥ ಮಾತ್ರೆ ಅತಿಯಾದ ಗುರುತು. ಮೂರ್ಛೆ ರೋಗವೆಂದುಕೊಂಡು ಉಳಿದಿಬ್ಬರು ಮೂಗಿಗೆ ಈರುಳ್ಳಿ ಹಿಡಿದಿದ್ದರು. ಮೂವರ ಕೈಯಲ್ಲೂ ಮೊಬೈಲ್ ಇತ್ತು. 108ಕ್ಕೆ ಒಬ್ಬನೂ ಕರೆ ಮಾಡಿರಲಿಲ್ಲ. "ಪೊಲೀಸರು ಬರುತ್ತಾರೆ, ಕಾಕಾ" ಎಂದ ಒಬ್ಬ. ನಾನೇ ಮಾಡಿದೆ. ಪುಣ್ಯಕ್ಕೆ ಹುಡುಗ ಉಳಿದುಕೊಂಡ.

ಜಿಲ್ಲೆಯ ನಶಾಮುಕ್ತ ಭಾರತ ಅಭಿಯಾನ ಸಮಿತಿಗೆ ನೀವೇ ಅಧ್ಯಕ್ಷರು, ಅದಕ್ಕೇ ಈ ಪತ್ರ. ಅಭಿಯಾನಕ್ಕೆ ಆ್ಯಪ್ ಇದೆ. ಅದರಲ್ಲಿ ಸೇರುವುದು ನಡೆಸಿದ ಕಾರ್ಯಕ್ರಮಗಳ ಲೆಕ್ಕ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2020ರಲ್ಲಿ ಬಂದ ಲೈಫ್‌ಗಾರ್ಡ್ ಆ್ಯಪ್ ಬೇರೆ ಜಾತಿಯದು. ಒಂಟಿಯಾಗಿ ಮಾದಕ ವಸ್ತು ಬಳಸುವವನು ಮೊದಲೇ ಟೈಮರ್ ಒತ್ತುತ್ತಾನೆ. ಅಲಾರಂ ಬಡಿದರೂ ನಿಲ್ಲಿಸದಿದ್ದರೆ ತುರ್ತು ಸೇವೆಗೆ ಕರೆ ಹೋಗುತ್ತದೆ. ಹಾಗೆಂದು ಅದನ್ನೇ ತಂದು ಕನ್ನಡದ ಹೆಸರು ಅಂಟಿಸಿದರೆ ನಡೆಯದು. ಅದರದು ಒಂದೆರಡು ನಿಮಿಷದ ಲೆಕ್ಕ, ಚುಚ್ಚಿಕೊಳ್ಳುವವರಿಗೆ ಸರಿ. ನುಂಗಿದ ಮಾತ್ರೆ ಏರಲು ಗಂಟೆಯೇ ಬೇಕು. ನಮ್ಮ ಜಿಲ್ಲೆಗೆ ನೀವು ಮಾಡಿಸಬೇಕಾದ ಆ್ಯಪ್ ಅಷ್ಟು ಹೊತ್ತೂ ಮತ್ತೆ ಮತ್ತೆ ಕೂಗಿ ಎಬ್ಬಿಸಬೇಕು. ಎಚ್ಚರ ತಪ್ಪಿದವನನ್ನು ಮಗ್ಗುಲಿಗೆ ಹೇಗೆ ಮಲಗಿಸಬೇಕೆಂದು, ಓದಲು ಬಾರದ ಅವ್ವನಿಗೂ ತಿಳಿಯುವಂತೆ ಬಾಯಲ್ಲಿ ಹೇಳಬೇಕು.

ಕರೆಗೆ ಓಡಿ ಬಂದವರ ಕೈಯಲ್ಲಿ ನಾಲೊಕ್ಸೋನ್ ಇಲ್ಲದಿದ್ದರೆ ಇದೆಲ್ಲ ಬರೀ ಸದ್ದು. ಇಂಥ ಮಾತ್ರೆ ಅತಿಯಾಗಿ ಉಸಿರು ಕುಗ್ಗಿದವನಿಗೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳಿಸುವ ಔಷಧ ಅದು. ಮಾತ್ರೆಯ ಅಮಲು ಇನ್ನೂ ಉಳಿದಿರುವಾಗಲೇ, ಒಂದೂವರೆ ಗಂಟೆಯೊಳಗೆ, ಅದರ ಬಲ ಇಳಿಯುವುದರಿಂದ ಆಸ್ಪತ್ರೆಗೆ ಹೋಗುವುದು ತಪ್ಪದು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಆಸ್ಪತ್ರೆಗಳಲ್ಲಿ, 108 ವಾಹನಗಳಲ್ಲಿ ಎಷ್ಟಿದೆ ಎಂದು ಒಮ್ಮೆ ಪಟ್ಟಿ ತರಿಸಿ ನೋಡಿ.

ಆ್ಯಪ್‌ನಲ್ಲಿ ಸೇರಿದ ಹೆಸರು, ಜಾಗ ಪೊಲೀಸರಿಗೆ ಹೋಗುವುದಿಲ್ಲ ಎಂದು ನೀವು ಲಿಖಿತವಾಗಿ ಕೊಡಬೇಕು. ಮಾರುವವರ ಸುಳಿವು ಕೊಡಲು 1933 ಸಹಾಯವಾಣಿ ಇದೆ, ಚಟ ಬಿಡಬೇಕೆನ್ನುವವರಿಗೆ 14446. ಎರಡನ್ನೂ ಒಂದೇ ಪೋಸ್ಟರಿನಲ್ಲಿ ಹಾಕಿದರೆ ಹುಡುಗರು ಎರಡರಿಂದಲೂ ದೂರ ಸರಿಯುತ್ತಾರೆ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲೇ ರಕ್ಷಣೆ ಇದೆ. ಆ ರಾತ್ರಿ ಇದು ನನಗೂ ಗೊತ್ತಿರಲಿಲ್ಲ. ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಡಿ. ಅಂಟಿಸುವ ಗೋಂದು ನನ್ನದು.

ತಮ್ಮ ವಿಶ್ವಾಸಿ,
ಒಬ್ಬ ಔಷಧ ವ್ಯಾಪಾರಿ, ವಿಜಯಪುರ