ಚೊಂಬಿನ ಬಾಯಿಂದ ಚಿತ್ರಸಂತೆಯವರೆಗೆ

ಮೊನ್ನೆ ಭಾನುವಾರ ಬೆಂಗಳೂರಿನ ಚಿತ್ರಸಂತೆ ಮುಗಿಸಿಕೊಂಡು ಊರಿಗೆ ಬಂದೆ. ಕುಮಾರಕೃಪಾ ರಸ್ತೆಯಲ್ಲಿ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ನನ್ನದೂ ಒಂದು ಪುಟ್ಟ ಜಾಗ ಇತ್ತು. 11 ಚಿತ್ರ ಇಟ್ಟಿದ್ದೆ, 4 ಹೋದವು. ಅವತ್ತಿನಿಂದ ಒಂದಷ್ಟು ಜನರಿಗೆ ಥ್ಯಾಂಕ್ಸ್ ಹೇಳದೆ ನಿದ್ದೆ ಬರುತ್ತಿಲ್ಲ.

ಮೊದಲು ಅಪ್ಪನಿಗೆ. ಅಪ್ಪ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದಾಗ ಕಟಿಂಗ್ ಮಷೀನಿನಲ್ಲಿ ಉಳಿದ ಕಾಗದದ ಪಟ್ಟಿಗಳನ್ನ ರಬ್ಬರ್ ಬ್ಯಾಂಡ್ ಹಾಕಿ ತರುತ್ತಿದ್ದರು. ಅಗಲ ನಾಲ್ಕು ಬೆರಳು, ಉದ್ದ ಮಾತ್ರ ಜಾಸ್ತಿ. ಅದಕ್ಕೇ ಒಂದನೇ ಕ್ಲಾಸಿನ ನನ್ನ ಚಿತ್ರಗಳೆಲ್ಲ ರೈಲು, ಹಾವು, ತೆಂಗಿನಮರ! ಅಮ್ಮ ರಂಗೋಲಿ ಚುಕ್ಕಿ ಇಡುವಾಗ ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಸ್ಕೇಲ್ ಇಲ್ಲದೆ ಅಳತೆ ಹಿಡಿಯೋದು ಕಲಿತದ್ದು ಅಲ್ಲೇ.

ಆಮೇಲೆ ನಮ್ಮ ಡ್ರಾಯಿಂಗ್ ಸರ್. ಏಳನೇ ಕ್ಲಾಸಲ್ಲಿ ಮೈಸೂರಿಗೆ ಟ್ರಿಪ್ ಹೋದಾಗ ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಾನು ನಿಂತುಬಿಟ್ಟಿದ್ದೆ, ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಕಾಣುತ್ತಲ್ಲ, ಅದು ನಿಜವಾದ ದೀಪ ಅಲ್ಲ ಅಂತ ನಂಬೋಕೇ ಆಗಲಿಲ್ಲ. ಎಲ್ಲರೂ ಬಸ್ ಹತ್ತಿದರೂ ಸರ್ ನನ್ನನ್ನ ಎಳೆದುಕೊಂಡು ಹೋಗಲಿಲ್ಲ. ಜೊತೆಗೇ ನಿಂತು, ಅದು ಬರೀ ನೀರುಬಣ್ಣ, ಸುತ್ತ ಕತ್ತಲು ಕೂಡಿಸಿದ್ದಕ್ಕೇ ನಡುವೆ ಬೆಳಕು ಹುಟ್ಟಿದ್ದು ಅಂತ ಮೆಲ್ಲಗೆ ಹೇಳಿದರು. ಆ ಹತ್ತು ನಿಮಿಷ ನನಗೆ ಇವತ್ತಿಗೂ ಸಾಕಾಗುವಷ್ಟಿದೆ.

ಹತ್ತನೇ ಕ್ಲಾಸಿಗೆ ಬಂದಾಗ ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಯಿತು. ತುಂಬಾ ಅತ್ತಿದ್ದೆ. ಡ್ರಾಯಿಂಗ್ ಪರೀಕ್ಷೆಗಳಲ್ಲಿ ಲೋಯರ್ ಗ್ರೇಡ್ ಪಾಸಾಗಿತ್ತು, ಹೈಯರ್ ಗ್ರೇಡ್ ಬಾಕಿ ಇತ್ತು. ಸರ್ ಒಂದು ಮಾತೂ ಆಡದೆ ಸಂಜೆ ನಾಲ್ಕೂವರೆ ಮೇಲೆ ಸ್ಟಾಫ್ ರೂಮಿನ ಕಿಟಕಿ ಹತ್ತಿರ ಒಂದು ಹಿತ್ತಾಳೆ ಚೊಂಬು ಇಟ್ಟು ಕೂರಿಸಿದರು. ಚೊಂಬಿನ ಬಾಯಿ ಬರೆಯೋದು ಸುಲಭ ಅಲ್ಲ. ಎರಡು ತುದಿಯಲ್ಲಿ ಮೊನೆ ಬಂದುಬಿಡುತ್ತೆ, ಮೀನಿನ ಥರ. ಅಲ್ಲಿ ಮೊನೆ ಇಲ್ಲ, ತಿರುವು ಇದೆ. ಇನ್ನೊಂದು, ಕಣ್ಣಿನ ಮಟ್ಟದ ಹತ್ತಿರ ಇರೋ ಬಾಯಿ ತೆಳ್ಳಗೆ ಕಾಣುತ್ತೆ, ಕೆಳಗೆ ಹೋದ ಹಾಗೆ ಸುತ್ತು ಅಗಲ ಆಗುತ್ತೆ. ಇದು ಗೊತ್ತಾಗೋಕೆ ನನಗೆ ಮೂರು ವಾರ ಬೇಕಾಯಿತು. ಗೊತ್ತಾದ ದಿನ ಮನೆಯಲ್ಲಿದ್ದ ಲೋಟ, ಬಕೆಟ್, ಒರಳು ಎಲ್ಲವನ್ನೂ ಬರೆದೆ, ಕೈ ನಿಲ್ಲಲೇ ಇಲ್ಲ.

ಆ ಸಂಜೆಗಳಲ್ಲಿ ಸುಮ್ನೆ ಪಕ್ಕದಲ್ಲಿ ಕೂತು, ಕತ್ತಲಾದ ಮೇಲೆ ಜೊತೆಗೆ ನಡೆದು ಬಂದ ನನ್ನ ಗೆಳತಿ, ನಿನಗೂ. ಸಂತೆಯಲ್ಲಿ ಮಗಳ ಕೋಣೆಗೆ ಅಂತ ತೆಂಗಿನಮರದ ಚಿತ್ರ ಕೊಂಡ ಅಕ್ಕ, ನಿಮ್ಮ ಹೆಸರೂ ಕೇಳಲಿಲ್ಲ ನಾನು. ಮೊದಲ ಗಿರಾಕಿ ನೀವೇ.

ಸರ್, ಆ ಚೊಂಬಿನ ಚಿತ್ರವನ್ನೂ ಬೆಂಗಳೂರಿಗೆ ಒಯ್ದಿದ್ದೆ. ಇಬ್ಬರು ಬೆಲೆ ಕೇಳಿದರು, ಕೊಡಲಿಲ್ಲ. ಯುಗಾದಿಗೆ ಊರಲ್ಲೇ ಇರ್ತೀರಿ ಅಲ್ವಾ? ಫ್ರೇಮ್ ಹಾಕಿಸಿ ತರ್ತೀನಿ.