ಅಜ್ಜಿಯ ಹಾಳೆಗೆ ಹೊಲವನ್ನೂ ಸೇರಿಸಿ

ಹೇಸ್, ಕ್ಯಾನ್ಸಾಸ್
12 ಅಕ್ಟೋಬರ್ 2025

ಪ್ರೀತಿಯ ಅಕ್ಕ,

ನಾನು ಇಲ್ಲಿ ಆರಾಮ ಇದ್ದೇನೆ. ಅವ್ವನ ಮೊಣಕಾಲು ನೋವು ಹೇಗಿದೆ? ಮಾತ್ರೆ ಮುಗಿದರೆ ಅವಳು ಬಾಯಿ ಬಿಡುವುದಿಲ್ಲ, ನೀನೇ ಡಬ್ಬಿ ತೆಗೆದು ನೋಡು. ಅಪ್ಪ ಫೋನಿನಲ್ಲಿ ಉದ್ದದ್ದು ಯಾವುದನ್ನೂ ಓದುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದಿದ ಮೇಲೆ ಕಾಕಾನಿಗೂ ಕೊಡು. ಕಾಕಾ ಸಿಟ್ಟಾದರೆ ತಪ್ಪು ನನ್ನದು ಅಂದುಬಿಡು, ನಾನು ಹೇಗೂ ದೂರ ಇದ್ದೇನೆ.

ಅಜ್ಜಿ ತೀರಿಹೋಗಿ ವರ್ಷವಾಗುವ ಪೂಜೆಗೆ ಚರ್ಚಿನಲ್ಲಿ ಓದಲು ಕಾಕಾ ಬರೆದ ಹಾಳೆ ನೋಡಿದೆ. ಅಕ್ಷರ ಮುತ್ತಿನಂತಿದೆ. ಆದರೆ ಅದರಲ್ಲಿ ಇರುವುದು ನಮ್ಮ ಅಜ್ಜಿಯಾ? 'ದೈವಭಕ್ತೆ, ಪ್ರಾರ್ಥನಾಶೀಲೆ, ಆದರ್ಶ ಗೃಹಿಣಿ.' ಮೊದಲ ಎರಡು ಇರಲಿ. ಗೃಹಿಣಿ ಅನ್ನೋಕೆ ಅವಳು ಮನೆಯಲ್ಲಿ ಇದ್ದದ್ದು ಯಾವಾಗ? ಅವಳು ಬಡಿದ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕಲು ಅಂತ ತಾತ ಸಾಯೋವರೆಗೂ ಹೇಳುತ್ತಿದ್ದ. ಇಡೀ ಹಾಳೆಯಲ್ಲಿ ಹೊಲ ಅನ್ನೋ ಮಾತೇ ಇಲ್ಲ. ತೊಂಬತ್ತು ದಾಟಿ ಬದುಕಿದವಳು, ಅದರಲ್ಲಿ ಎಂಬತ್ತು ವರ್ಷ ಎರೆ ಮಣ್ಣಿನಲ್ಲಿ ನಿಂತವಳು!

ಇಲ್ಲಿ ಪೇಪರಿನಲ್ಲಿ ಸತ್ತವರ ಸುದ್ದಿ ಬರುತ್ತೆ. ನಾನು ಕೆಲಸ ಮಾಡುವ ವೃದ್ಧಾಶ್ರಮದ ಮುದುಕಿಯರು ಬೆಳಿಗ್ಗೆ ಮೊದಲು ತೆರೆಯುವುದೇ ಆ ಪುಟ. ಇಲ್ಲಿನವರು ಬಹಳಷ್ಟು ಮಂದಿ ಕಥೋಲಿಕರೇ. 1876ರಲ್ಲಿ ರಷ್ಯಾದ ವೋಲ್ಗಾ ನದಿ ಕಡೆಯಿಂದ ಬಂದ ಜರ್ಮನ್ ರೈತರ ಮಕ್ಕಳು, ಮೊಮ್ಮಕ್ಕಳು. ಯಾರೋ ಅಜ್ಜಿ ತೀರಿಕೊಂಡರೆ ಮೊದಲು ಬರೆಯುವುದು ಅವಳು ಯಾವ ಊರಿನ ಹತ್ತಿರ, ಯಾರ ಹೊಲದಲ್ಲಿ ಹುಟ್ಟಿ ಬೆಳೆದಳು ಅಂತ. ಎಷ್ಟು ಹಸು ಹಾಲು ಕರೆಯುತ್ತಿದ್ದಳು, ಟ್ರ್ಯಾಕ್ಟರ್ ಓಡಿಸುತ್ತಿದ್ದಳಾ, ಸುಗ್ಗಿಯಲ್ಲಿ ಎಷ್ಟು ಮಂದಿಗೆ ಊಟ ಹೊತ್ತು ಹೋಗುತ್ತಿದ್ದಳು, ಎಲ್ಲ ಇರುತ್ತೆ. ಜಪಸರ, ಪೂಜೆ ಆಮೇಲೆ ಬರುತ್ತೆ. ಹೊಲದಲ್ಲಿ ದುಡಿದದ್ದನ್ನು ಹೇಳಿಕೊಳ್ಳೋಕೆ ಅವರಿಗೆ ನಾಚಿಕೆ ಇಲ್ಲ. ನಮಗೆ ಯಾಕೆ? ಮಕ್ಕಳು ಓದಿ ನೌಕರಿ ಸೇರಿದ್ದಕ್ಕಾ?

ಪಕ್ಕದ ವಿಕ್ಟೋರಿಯಾ ಊರಿನಲ್ಲಿ ಒಂದು ದೊಡ್ಡ ಕಲ್ಲಿನ ಚರ್ಚಿದೆ, ಸೇಂಟ್ ಫಿಡೆಲಿಸ್. 1911ರಲ್ಲಿ ಮುಗಿದದ್ದು. ಕಟ್ಟುವಾಗ ಹನ್ನೆರಡು ವರ್ಷ ದಾಟಿದ ಒಬ್ಬೊಬ್ಬರ ಲೆಕ್ಕಕ್ಕೂ ಆರು ಬಂಡಿ ಕಲ್ಲು, ವರ್ಷಕ್ಕೆ 45 ಡಾಲರ್ ಅಂತ ಹಾಕಿದ್ದರಂತೆ. ಅದರ ಫೋಟೋ ಕಳಿಸಿದಾಗ ಅಜ್ಜಿ ಗೋಪುರ ಎಷ್ಟು ಎತ್ತರ ಅಂತ ಕೇಳಲಿಲ್ಲ. "ಹೆಂಗಸರೂ ಕಲ್ಲು ಹೇರಿದ್ರೇನು? ಅವರ ಹೆಸರು ಬರದಾರೇನು?" ಅಂದಳು. ನೋಡು, ಅವಳೇ ಕೇಳಿದ್ದು.

ಈಗ ಹಾಳೆಗೆ ಬರೋಣ. ಮೊದಲು ವಯಸ್ಸು. ಕಾಕಾ 86 ಅಂತ ಬರೆದಿದ್ದಾರೆ. ಅದು ಆಧಾರ್ ಕಾರ್ಡಿನ ಲೆಕ್ಕ. ಅಂದಾಜಿಗೆ 1938 ಜನವರಿ 1 ಅಂತ ಬರೆಸಿದ್ದು, ನಮ್ಮ ಊರಿನ ಅರ್ಧ ಮುದುಕರು ಜನವರಿ 1ಕ್ಕೇ ಹುಟ್ಟಿದವರು. ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ 1931 ಅಂತಿದೆ, ಲ್ಯಾಟಿನ್ನಿನಲ್ಲಿ. ಅಪ್ಪನೇ ಹೋಗಿ ನೋಡಿ ಬಂದದ್ದು. ಅಂದರೆ ಹೋದ ವರ್ಷ ತೀರಿಕೊಂಡಾಗ ಅಜ್ಜಿಗೆ 93. ಏಳು ವರ್ಷ ಸುಮ್ನೆ ಬಿಟ್ಟುಕೊಡೋದಾ?

ನಮ್ಮ ರಾಯಚೂರು ಜಿಲ್ಲೆಯ ಮುದಗಲ್ ಸೀಮೆಯ ಕ್ರೈಸ್ತರು ಅಂದರೆ ನಿನ್ನೆ ಮೊನ್ನೆಯವರಲ್ಲ, ಬಿಜಾಪುರದ ಆದಿಲ್‌ಶಾಹಿ ಕಾಲದಿಂದ ಇರುವವರು. ಅದನ್ನು ಕಾಕಾ ಚೆನ್ನಾಗಿ ಬರೆದಿದ್ದಾರೆ, ಇರಲಿ. ಜೊತೆಗೆ ಅಜ್ಜಿ ಹುಡುಗಿಯಾಗಿದ್ದಾಗ ಏನು ಮಾಡುತ್ತಿದ್ದಳು ಅನ್ನೋದೂ ಬರಲಿ. ಜೋಳ ಹಾಲುಗಾಳಾದಾಗ ಹೊಲದ ಮಂಚಿಕೆ ಹತ್ತಿ ಗಿಳಿ ಕಾಯುವುದು ಅವಳ ಕೆಲಸ. ಕವಣೆ ಬೀಸಲು ಕೈಗೆ ಶಕ್ತಿ ಸಾಲದು, ಹಾಗಾಗಿ ಕೂಗುವುದೇ. ಅವಳಿಗೆ ಗಟ್ಟಿಯಾಗಿ ಕೂಗಿ ರೂಢಿ ಇದ್ದದ್ದು ಚರ್ಚಿನ ಲ್ಯಾಟಿನ್ ಪ್ರಾರ್ಥನೆ ಒಂದೇ. "ಓರಾ ಪ್ರೋ ನೋಬಿಸ್!" (ನಮಗಾಗಿ ಪ್ರಾರ್ಥಿಸು) ಅಂತ ಅವಳು ಕೂಗಿದರೆ ಗಿಳಿಗಳು ಹಾರುತ್ತಿದ್ದವಂತೆ. ಪಕ್ಕದ ಹೊಲದ ಹುಡುಗರೂ ಅದನ್ನೇ ಕಲಿತು ಕೂಗುತ್ತಿದ್ದರಂತೆ. ಅರವತ್ತರ ದಶಕದಲ್ಲಿ ಪೂಜೆ ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂದಾಗ ಎಲ್ಲರಿಗೂ ಖುಷಿ. ಇವಳು ಮಾತ್ರ, "ಗಿಳಿ ಓಡಿಸಾಕ ಅದೇ ಚಲೋ ಇತ್ತು" ಅನ್ನುತ್ತಿದ್ದಳು.

1948 ಬಿಡಬಾರದು. ನಿಜಾಮನ ಪರ ನಿಂತ ರಜಾಕಾರರ ಪಡೆಯ ಗಲಾಟೆ ಜಾಸ್ತಿಯಾದಾಗ ನಿಜಾಮನ ಸೀಮೆ ದಾಟಿ ಗಜೇಂದ್ರಗಡದ ಕಡೆ ಹೋದವರಲ್ಲಿ ಅಜ್ಜಿಯ ಮನೆಯವರೂ ಇದ್ದರು. ಹೊರಡುವ ಮೊದಲು ಜೋಳವನ್ನೆಲ್ಲ ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ ಇಳಿಸಿ, ಬಾಯಿಗೆ ಬಂಡೆ ಮುಚ್ಚಿ, ಮಣ್ಣು ಮೆತ್ತಿ, ಮೇಲೆ ಸಗಣಿ ಕುಪ್ಪೆ ಹಾಕಿದರು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ, ನಿಜಾಮನ ಸೀಮೆ ಭಾರತಕ್ಕೆ ಸೇರಿ, ವಾಪಸ್ ಬಂದಾಗ ಮನೆಯ ಕದ ಇರಲಿಲ್ಲ, ಪಾತ್ರೆ ಇರಲಿಲ್ಲ. ಜೋಳ ಇತ್ತು. ಹಗೇವು ತೆಗೆದು ಇಳಿಯಲು ಅವಸರ ಮಾಡಿದ ತಮ್ಮನ ಜುಟ್ಟು ಹಿಡಿದು ಎಳೆದದ್ದು ಇವಳೇ. ಬಾಯಿ ತೆಗೆದು ಒಂದು ಹೊತ್ತು ಗಾಳಿಗೆ ಬಿಡಬೇಕು, ಆಮೇಲೆ ಹಗ್ಗ ಕಟ್ಟಿ ದೀಪ ಇಳಿಸಬೇಕು, ದೀಪ ಆರಿದರೆ ಮನುಷ್ಯ ಇಳಿಯಬಾರದು. ಒಳಗಿನ ಕೆಟ್ಟ ಗಾಳಿಗೆ ಎಷ್ಟೋ ಜನ ಸತ್ತಿದ್ದಾರೆ. ಇಲ್ಲಿ ಧಾನ್ಯವನ್ನು ಕಾಂಕ್ರೀಟಿನ ಎತ್ತರದ ಕಂಬಗಳಂಥ ಗೋದಾಮುಗಳಲ್ಲಿ ತುಂಬುತ್ತಾರೆ, ಮೈಲಿಗಟ್ಟಲೆ ದೂರದಿಂದ ಕಾಣುತ್ತೆ. ಅಲ್ಲೂ ಒಳಗೆ ಇಳಿಯುವ ಮೊದಲು ಗಾಳಿ ಪರೀಕ್ಷೆ ಮಾಡಬೇಕು ಅಂತ ನಿಯಮ ಇದೆ.

1949ರಲ್ಲಿ ಪಾಸ್ಖ (ಈಸ್ಟರ್) ಹಬ್ಬ ಕಳೆದ ಮೇಲೆ ಅಜ್ಜಿಯ ಮದುವೆ. ತಾತ ಹಟ್ಟಿ ಚಿನ್ನದ ಗಣಿಗೆ ಸೇರಿದವನು ಭಾನುವಾರಕ್ಕೊಮ್ಮೆ ಮನೆಗೆ. ಎತ್ತು, ಕೂರಿಗೆ, ಸಾಲ, ತಲಾಟಿ, ಎಲ್ಲ ಅಜ್ಜಿಯ ತಲೆಗೆ. ಏಳು ಹೆತ್ತು ಐದು ಉಳಿಸಿಕೊಂಡಳು. ಹೋದ ಎರಡರ ಬಗ್ಗೆ ಹಾಳೆಯಲ್ಲಿ ಏನೂ ಇಲ್ಲ. ಒಂದು ಸಾಲು ಹಾಕಿ ಅಕ್ಕ. ಆ ಎರಡರ ಹೆಸರನ್ನು ಅವಳು ದಿನಾ ರಾತ್ರಿ ಜಪದಲ್ಲಿ ಹೇಳುತ್ತಿದ್ದಳು.

ಬಿತ್ತನೆ ಬಗ್ಗೆ ಅಪ್ಪನೇ ಹೇಳಲಿ, ನನಗಿಂತ ಚೆನ್ನಾಗಿ ಗೊತ್ತು. ನನಗೆ ನೆನಪಿರುವುದು ಅವಳ ಮುಷ್ಟಿ. ಉಡಿಯಲ್ಲಿ ಮಾಲದಂಡಿ ಜೋಳ ಕಟ್ಟಿಕೊಂಡು ಬಿತ್ತುವ ಕೂರಿಗೆ ಹಿಂದೆ ನಡೆಯುತ್ತಾ ಅದರ ಬಟ್ಟಲಿಗೆ ಕಾಳು ಬಿಡುತ್ತಿದ್ದಳು. ಬೆರಳ ಸಂದಿಯಿಂದ ಒಂದೇ ಸಮ ಇಳಿಯಬೇಕು. ಜಾಸ್ತಿ ಬಿಟ್ಟರೆ ದಟ್ಟ, ತಡೆದರೆ ಸಾಲು ಬೋಳು. ತಿಂಗಳಾದ ಮೇಲೆ ಊರವರೆಲ್ಲ ಸಾಲು ನೋಡಿ ಬಿತ್ತಿದ್ದು ಯಾರು ಅಂತ ಹೇಳುತ್ತಿದ್ದರು. ಹತ್ತಿಗೆ ಕಂಪನಿ ಬೀಜ ಬಂದ ಮೇಲೂ ಜೋಳದ ಬೀಜ ಮನೆಯದೇ. ನಿಂತ ಬೆಳೆಯಲ್ಲಿ ತಿರುಗಿ ಒಳ್ಳೇ ತೆನೆ ಆರಿಸಿ, ಬೂದಿ ಬೆರೆಸಿ, ಗಡಿಗೆಗೆ ತುಂಬಿ, ಮೇಲೆ ಬೆರಳಿನಿಂದ ಶಿಲುಬೆ ಗುರುತು ಹಾಕುತ್ತಿದ್ದಳು. ಎಳ್ಳಮಾವಾಸ್ಯೆಗೆ ಪಕ್ಕದ ಹೊಲದವರ ಜೊತೆ ಕೂತು ಸಜ್ಜೆ ರೊಟ್ಟಿ ತಿನ್ನುತ್ತಿದ್ದವಳೂ ಅವಳೇ. ಮೊಹರಂ ಅಲಾಯಿ ನೋಡಲು ನಮ್ಮನ್ನು ಮುದಗಲ್‌ಗೆ ಕರೆದುಕೊಂಡು ಹೋಗುತ್ತಿದ್ದವಳೂ ಅವಳೇ. ಕಾಕಾ ಇದನ್ನು ಬರೆಯಲು ಹಿಂದೆ ಮುಂದೆ ನೋಡುತ್ತಾರೆ, ಬರೆಯಿರಿ ಅಂತ ಹೇಳು.

ಇನ್ನು ಭಕ್ತಿ. ಅವಳ ಜಪಸರ ಹೊಲದ ಗಡಿಯಾರವಾಗಿತ್ತು. ಈ ಪಟ್ಟಿ ಕಳೆ ತೆಗೆಯಲು ಎಷ್ಟು ಹೊತ್ತು ಬೇಕು ಅಂದರೆ "ಎರಡು ಜಪಸರ" ಅನ್ನುತ್ತಿದ್ದಳು. ಭಾನುವಾರ ಪೂಜೆ ತಪ್ಪಿಸಿದವಳಲ್ಲ. ಆದರೆ ರಾಶಿ ಕಾಲದಲ್ಲಿ ಪೂಜೆ ಬೇಗ ಮುಗಿಸಿ ಅಂತ ಗುರುಗಳ ಹತ್ತಿರ ಜಗಳಕ್ಕೇ ನಿಲ್ಲುತ್ತಿದ್ದಳು. "ಇವತ್ತು ಕೆಲಸ ಮಾಡಬಾರದಮ್ಮ" ಅಂದರೆ, "ಎತ್ತಿಗೆ ರಜಾ ಕೊಟ್ಟೀನಿ ಸ್ವಾಮಿ, ಮೋಡಕ್ಕ ಯಾರು ಕೊಡಬೇಕು?" ಅಂದಳಂತೆ. ಬದುವಿನ ಜಗಳವೂ ಹಾಗೇ. ಪಕ್ಕದವರು ಒಂದು ಗೇಣು ಒತ್ತಿದ್ದಾರೆ ಅಂತ ವರ್ಷವಿಡೀ ಬೈಯುವಳು, ಪಾಸ್ಖಕ್ಕೆ ಮುಂಚೆ ಪಾಪನಿವೇದನೆ ಮಾಡಿ ಬರುವಳು, ಮೊದಲ ಮಳೆ ಬಿದ್ದ ಕೂಡಲೇ ಮತ್ತೆ ಶುರು. ಜಿಪುಣಿ ಅನ್ನೋದನ್ನು ಬರೆಯೋದು ಬೇಡ, ಎಲ್ಲರಿಗೂ ಗೊತ್ತೇ ಇದೆ.

72ರ ಬರ ಮಾತ್ರ ಬರಲೇಬೇಕು. ಅಜ್ಜಿ ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತಳು, ರೇಷನ್ನಿಗೆ ಬಂದ ಅಮೆರಿಕದ ಕೆಂಪು ಜೋಳ ತಂದು ಐದು ಮಕ್ಕಳನ್ನು ಸಾಕಿದಳು. ಆ ಹಿಟ್ಟಿಗೆ ಜಿಗಿಯೇ ಇಲ್ಲ, ರೊಟ್ಟಿ ಬಡಿದರೆ ಹರಿಯುತ್ತಿತ್ತು, ಗಂಜಿಯೇ ಗತಿ ಅಂತ ಅವಳು ಹೇಳಿದ್ದನ್ನು ನೀನೂ ಕೇಳಿದ್ದೀಯ. ಅಕ್ಕ, ಆ ಜೋಳ ಈಗ ನನ್ನ ಕಿಟಕಿ ಆಚೆಗೇ ಇದೆ. ಅಮೆರಿಕದಲ್ಲಿ ಜೋಳ ಹೆಚ್ಚು ಬೆಳೆಯುವ ರಾಜ್ಯವೇ ಕ್ಯಾನ್ಸಾಸ್. ಇಲ್ಲಿ ಅದನ್ನು ಮೈಲೋ ಅನ್ನುತ್ತಾರೆ. ಸೊಂಟದೆತ್ತರದ ಗಿಡ, ಇಟ್ಟಿಗೆ ಬಣ್ಣದ ತೆನೆ. ಈಗ ಕೊಯ್ಲು ನಡೆದಿದೆ, ಒಂದು ಯಂತ್ರದಲ್ಲಿ ಒಬ್ಬನೇ ಕೂತು ನಮ್ಮೂರಿನಷ್ಟು ಹೊಲವನ್ನು ಕೊಯ್ದು ಹೋಗುತ್ತಾನೆ. ಬಹುಪಾಲು ದನದ ಮೇವಿಗೆ, ಎಥೆನಾಲಿಗೆ ಹೋಗುತ್ತೆ.

ಇಲ್ಲಿ ದನಕ್ಕೆ ಹಾಕುತ್ತಾರೆ ಅಂತ ಅಜ್ಜಿಗೆ ಫೋನಿನಲ್ಲಿ ಹೇಳಲು ನನಗೆ ಹಿಂಜರಿಕೆ ಇತ್ತು. ಹೇಳಿದೆ. ಅವಳು ನಕ್ಕಳು. "ನಮಗೇನು ಗೊತ್ತಿರಲಿಲ್ಲೇನು ತಂಗಿ? ಎತ್ತಿಗೂ ಹಾಕಿ ನೋಡಿದ್ವಿ. ಅವು ಮೂಸಿ ನೋಡಿ ನಮ್ಮ ಮಾರಿ ನೋಡಿದ್ವು." ಆಮೇಲೆ ಕೇಳಿದ್ದು ಮಾಮೂಲಿ ಪ್ರಶ್ನೆಗಳು: ಎಕರೆಗೆ ಎಷ್ಟು ಚೀಲ, ಮಳೆ ಯಾವಾಗ, ಆಳಿನ ಕೂಲಿ ಎಷ್ಟು. ನಾನು ಏನು ತಿಂದೆ ಅಂತ ಕೇಳಿದ್ದು ಕೊನೆಗೆ.

ಕೊನೆಯ ದಿನಗಳ ಬಗ್ಗೆ ಕಾಕಾ ಅರ್ಧ ಪುಟ ಬರೆದಿದ್ದಾರೆ, ಆಸ್ಪತ್ರೆ, ಡ್ರಿಪ್ಪು ಎಲ್ಲ. ಎರಡು ಸಾಲು ಸಾಕು. ಹಾಸಿಗೆ ಹಿಡಿದದ್ದು ಮೂರು ವಾರ. ಅದಕ್ಕೂ ಮುಂಚಿನ ಸುಗ್ಗಿಯಲ್ಲಿ ಕಣದಲ್ಲಿ ಕುರ್ಚಿ ಹಾಕಿಸಿಕೊಂಡು ಚೀಲ ಎಣಿಸಿದವಳನ್ನು ರೋಗಿ ಮಾಡಿ ತೋರಿಸೋದು ಯಾಕೆ?

ಈ ಸಲ ನವೆಂಬರ್ 2 ಭಾನುವಾರವೇ ಬಂದಿದೆ. ಸತ್ತವರ ಸ್ಮರಣೆಯ ದಿನ, ಸಮಾಧಿಗೆ ಎಲ್ಲರೂ ಬರುತ್ತಾರೆ, ಅಜ್ಜಿಯ ಕಾಲದ ಒಂದಿಬ್ಬರು ಆಳುಗಳೂ ಬರಬಹುದು. ಅವರಿಗೆ ಮುಂಚೆಯೇ ಹೇಳಿ ಕಳಿಸು, ಮುಂದಿನ ಬೆಂಚಿನಲ್ಲಿ ಕೂರಿಸು. ಹಾಳೆಯನ್ನು ಕಾಕಾ ಓದುವುದಕ್ಕಿಂತ ಅಪ್ಪ ಓದಿದರೆ ಚೆನ್ನ. ಅಪ್ಪ ತಡವರಿಸಿದರೂ ಪರವಾಗಿಲ್ಲ, ಹಸಿ ಹೊಲದಲ್ಲಿ ಅವಳ ಹಿಂದೆ ನಡೆದದ್ದು ಅಪ್ಪನೇ.

ಜಾಗ ಸಾಲದಿದ್ದರೆ ಕೊನೆಯ ಪ್ಯಾರಾ ತೆಗೆದುಬಿಡಿ. ಯಾವ ಮೊಮ್ಮಗ ಬೆಂಗಳೂರಿನಲ್ಲಿ ಏನು, ಯಾವ ಮೊಮ್ಮಗಳು ಅಮೆರಿಕದಲ್ಲಿ ಏನು ಅನ್ನೋ ಪಟ್ಟಿ ಸತ್ತವರ ಪೂಜೆಗೆ ಯಾಕೆ? ಮೊದಲು ನನ್ನ ಹೆಸರು ಹೊಡೆದುಹಾಕಿ.

ಹಸ್ತದ ಹದಕ್ಕೆ ಬಿತ್ತನೆ ಆಯಿತಾ, ಇಲ್ಲ ಚಿತ್ತಿ ಮಳೆ ಕಾಯುತ್ತಿದ್ದೀರಾ? ಪೂಜೆಯ ಊಟದ ಖರ್ಚಿಗೆ ದುಡ್ಡು ನಿನ್ನ ಖಾತೆಗೆ ಹಾಕಿದ್ದೇನೆ, ಕಾಕಾನಿಗೆ ಹೇಳಬೇಡ, ಬೇಡ ಅಂತ ಜಗಳ ಮಾಡುತ್ತಾರೆ. ಅಪ್ಪ ಅವ್ವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ